ವಾಸನೆ ಇಲ್ಲ ಎಂದವನು

ಫೆಬ್ರುವರಿ 10, ಸೋಮವಾರ

ಹೆಂಡತಿ ಸಾಕಮ್ಮನಿಗೆ ಇವತ್ತು ಆರನೇ ಕರೆಂಟು. ಒಟ್ಟು ಮೂವತ್ತು. ಗಂಟಲಿನ ಗಡ್ಡೆಗೆ ಮೈಸೂರಿನ ಆಸ್ಪತ್ರೆಯಲ್ಲಿ ಕೊಡುವ ಈ ಚಿಕಿತ್ಸೆಗೆ ಏನೋ ಉದ್ದದ ಹೆಸರಿದೆ. ನಮ್ಮ ಕಡೆ ಕರೆಂಟು ಕೊಡಿಸುವುದು ಅನ್ನುತ್ತಾರೆ. ಮುಖಕ್ಕೆ ಬಲೆಯಂಥ ಮುಖವಾಡ ಬಿಗಿದು ಹತ್ತು ನಿಮಿಷ ಮಲಗಿಸುತ್ತಾರೆ. ಸೋಮವಾರದಿಂದ ಶುಕ್ರವಾರ. ಮೊದಲ ದಿನವೇ ದೊಡ್ಡ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಒಂದು ದಿನವೂ ತಪ್ಪಿಸಬೇಡಿ. ಮಧ್ಯೆ ಬಿಟ್ಟರೆ ಗಡ್ಡೆ ಮತ್ತೆ ಬೆಳೆಯುತ್ತೆ. ಅರ್ಧಕ್ಕೆ ನಿಲ್ಲಿಸಿದರೆ ಕೊಟ್ಟದ್ದೆಲ್ಲ ದಂಡ" ಎಂದರು.

ತೂಕ, ಊಟ, ವಾಂತಿ ಬರೆದಿಡಲು ನರ್ಸು ಒಂದು ಪುಸ್ತಕ ಮಾಡಿಸಿದ್ದಾರೆ. ಅದು ಬೇರೆ. ಇದು ನನ್ನದು. ಅಕ್ಕನಿಗೆ, ಹೊಸ ಅಗ್ರಹಾರದ ಷಡ್ಡಕನಿಗೆ ತಿಂಗಳಿಗೊಂದು ಕಾಗದ ಬರೆದು ಅಭ್ಯಾಸವಾದ ಕೈ ಇದು. ಈಗ ಮನಸ್ಸಿನಲ್ಲಿರುವುದು ಅವರಿಗೆ ಬರೆಯುವಂಥದ್ದಲ್ಲ.

ರಾವಂದೂರಿನಿಂದ ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತದೆ. ಬಸ್ಸಿನ ಕುಲುಕಾಟ ಅವಳಿಗಾಗದು. ನಮ್ಮ ಬಿಳಿ ಕಾರಿಗೆ ಹದಿಮೂರು ವರ್ಷ. ಅದೇ ನಮ್ಮ ಆಂಬುಲೆನ್ಸು. ಇವತ್ತು ಬಿಳಿಕೆರೆ ದಾಟುವಾಗ ಮೀಟರಿನಲ್ಲಿ ಎಂಜಿನ್ನಿನ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಗಾಡಿ ಓಡುತ್ತಿದೆ. ದೀಪ ಮಾತ್ರ ಆರಲೊಲ್ಲದು.

ನಲವತ್ತು ವರ್ಷ ಮೆಕ್ಯಾನಿಕ್ ಆಗಿ ಒಂದು ದೀಪಕ್ಕೆ ಹೆದರುವುದೆ? ಯಾವ ಶಾಲೆಯೂ ಕಲಿಸಲಿಲ್ಲ ನನಗೆ. ಸೈಲೆನ್ಸರಿನ ಹೊಗೆ ಮೂಸಿ, ಪೆಟ್ರೋಲು ಜಾಸ್ತಿಯೋ, ಆಯಿಲ್ ಸುಡುತ್ತಿದೆಯೋ, ಪ್ಲಗ್ಗು ಸತ್ತಿದೆಯೋ ಹೇಳುತ್ತಿದ್ದೆ. ಪಿರಿಯಾಪಟ್ಟಣದಿಂದ ಕೆ.ಆರ್. ನಗರದ ತನಕ ಜನ ನನ್ನನ್ನು ಕರೆಯುವುದೇ ಮೂಗಿನ ಕಾಂತಣ್ಣ ಎಂದು.

ಇಲ್ಲಿ ಮಾತ್ರ ಬರೆಯುತ್ತೇನೆ. ಕೊರೋನಾ ಬಂದು ಹೋದಾಗಿನಿಂದ ಆ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಪೆಟ್ರೋಲೂ ಒಂದೇ, ಮಲ್ಲಿಗೆಯೂ ಒಂದೇ. ನಾಲ್ಕು ವರ್ಷ ಆಯಿತು. ಸೈಲೆನ್ಸರಿನ ಒಳಗೆ ಬೆರಳಾಡಿಸಿ ಮಸಿಯ ಬಣ್ಣ ನೋಡಿ, ಎಂಜಿನ್ನಿನ ಶಬ್ದ ಕೇಳಿ ಹೇಗೋ ನಡೆಸಿದ್ದೇನೆ. ಮೂಸಿದ ಹಾಗೆ ಮಾಡುವುದನ್ನೂ ಬಿಟ್ಟಿಲ್ಲ. ಯಾರಿಗೂ ಹೇಳಿಲ್ಲ. ಸಾಕಮ್ಮನಿಗೂ.

ಫೆಬ್ರುವರಿ 12, ಬುಧವಾರ

ದೀಪ ಆರಿತು!

ನಿನ್ನೆ ಸಂಜೆ ಷೆಡ್ಡಿನ ಮುಂದೆ ಗಾಡಿ ಎತ್ತಿ ಕೆಳಗೆ ನುಗ್ಗಿದೆ. ಎಂಜಿನ್ನಿನಿಂದ ಹೊಗೆ ಇಳಿಯುವ ಪೈಪಿಗೆ ವೈರು ಜೋಡಿಸಿದ ಒಂದು ಸೆನ್ಸರ್ ತಿರುಗಿಸಿ ಕೂರಿಸಿದ್ದಾರೆ. ನೋಡಲು ಥೇಟ್ ಪ್ಲಗ್ಗು. ಬಿಚ್ಚಿದರೆ ಮೂತಿಯ ತುಂಬ ಮಸಿ. ಪ್ಲಗ್ಗಿಗೆ ಮಾಡುವಂತೆಯೇ ಪೆಟ್ರೋಲಿನಲ್ಲಿ ಅದ್ದಿ, ವೈರ್ ಬ್ರಷ್ಷಿನಲ್ಲಿ ಉಜ್ಜಿ, ಪಳಪಳ ಮಾಡಿದೆ. ಹಳೆಯ ವಾಷರು ತುಂಡಾಗಿತ್ತು. ಅದರ ಜಾಗಕ್ಕೆ ಡಬ್ಬಿಯಲ್ಲಿದ್ದ ಒಂದು ಪ್ಲಗ್ ವಾಷರ್ ಹಾಕಿ, ಸುತ್ತ ಸಿಲಿಕಾನ್ ಗಮ್ ಮೆತ್ತಿ ಬಿಗಿದೆ. ಬ್ಯಾಟರಿಯ ವೈರು ಹತ್ತು ನಿಮಿಷ ಬಿಚ್ಚಿಟ್ಟು ಕೊಟ್ಟರೆ ದೀಪ ಮಾಯ.

ಹುಣಸೂರಿನಲ್ಲಿ ಎಮಿಷನ್ ಟೆಸ್ಟಿನ ವ್ಯಾನ್ ಇಟ್ಟಿರುವ ಅನುಶ್ರೀ, ನನ್ನ ತಮ್ಮನ ಮಗಳು, ಮೊನ್ನೆ ಫೋನಿನಲ್ಲಿ "ನಾನ್ ಸ್ಕ್ಯಾನರ್ ಹಾಕಿ ನೋಡ್ತೀನಿ ದೊಡ್ಡಪ್ಪ, ಅಲ್ಲೀಗಂಟ ಮುಟ್ಬೇಡಿ" ಅಂದಿದ್ದಳು. ಪೈಪಿಗೆ ಕಡ್ಡಿ ತೂರಿಸಿ ಕಾಗದ ಕೊಡುವ ಹುಡುಗಿ, ನನಗೆ ಹೇಳುತ್ತಾಳೆ.

ಫೆಬ್ರುವರಿ 14, ಶುಕ್ರವಾರ

ಹತ್ತನೇ ಕರೆಂಟು. ಇಲವಾಲದ ಹತ್ತಿರ ಸಾಕಮ್ಮ ಗಾಡಿ ನಿಲ್ಲಿಸಲು ಸನ್ನೆ ಮಾಡಿದಳು. ಬಾಗಿಲು ತೆಗೆಯುವಷ್ಟರಲ್ಲಿ ವಾಂತಿ. ಕತ್ತಿನ ಚರ್ಮ ಸುಟ್ಟು ಕಪ್ಪಾಗಿರುವುದರಿಂದ ಗಾಳಿ, ಧೂಳು ತಾಗಬಾರದೆಂದು ಗಾಜೆಲ್ಲ ಏರಿಸಿಯೇ ಹೋಗುತ್ತೇವೆ. ಬಾಯಿ ಒರೆಸಿಕೊಂಡು ಒಡೆದ ದನಿಯಲ್ಲಿ ಕೇಳಿದಳು.

"ಒಳಗೆ ಪೆಟ್ರೋಲ್ ವಾಸ್ನೆ ಬತ್ತಾ ಅದಲ್ವಾ?"

"ಇಲ್ಲ ಕಣಮ್ಮಿ."

"ಸರ್ಯಾಗಿ ನೋಡಿ. ಒಗೆ ವಾಸ್ನೆನೂ ಅದೆ."

ನಾನು ಮೂಗು ಏರಿಸಿ ಎರಡು ಸಲ ಎಳೆದೆ. "ಏನೂ ಇಲ್ಲ. ಕರೆಂಟು ತಗೊಂಡೋರ್ಗೆ ಅಂಗೆ ಅನ್ನಿಸ್ತದಂತೆ."

"ನಿಮ್ಗೇ ಬತ್ತಿಲ್ಲ ಅಂದ್ಮೇಲೆ ಇರಾಕಿಲ್ಲ ಬುಡಿ" ಎಂದು ಕಣ್ಣು ಮುಚ್ಚಿದಳು.

ನರ್ಸನ್ನು ಕೇಳಿದೆ. ಕೆಲವರಿಗೆ ಇಲ್ಲದ ವಾಸನೆ ಬರುವುದುಂಟಂತೆ, ವಾಂತಿಯೂ ಉಂಟಂತೆ. ಹಾಗಾದರೆ ನಾನು ಹೇಳಿದ್ದು ಸುಳ್ಳಲ್ಲ.

ಫೆಬ್ರುವರಿ 18, ಮಂಗಳವಾರ

ದೀಪ ಮತ್ತೆ ಬಂತು. ಅದನ್ನು ಕಂಡರೆ ಸಾಕಮ್ಮ ಗಾಬರಿಯಾಗುತ್ತಾಳೆ, ದಾರಿಯಲ್ಲಿ ಕೆಟ್ಟು ನಿಂತರೆ ಕರೆಂಟು ತಪ್ಪುತ್ತದೆಂದು. ಕರಿಯ ಇನ್ಸುಲೇಷನ್ ಟೇಪಿನ ಚೂರು ಹರಿದು ಅದರ ಮೇಲೆ ಅಂಟಿಸಿದೆ.

ಪೆಟ್ರೋಲು ಮಾತ್ರ ಕುಡಿಯುತ್ತಿದೆ. ಮೊದಲು ಎರಡು ದಿನಕ್ಕೆ ಬರುತ್ತಿದ್ದದ್ದು ಈಗ ಒಂದೂವರೆ ದಿನ. ಬಂಕಿನ ಹುಡುಗರ ಮೇಲೆ ಅನುಮಾನ.

ನನಗೂ ತಲೆನೋವು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹಣೆ ಹಿಂಡಿದ ಹಾಗಾಗುತ್ತದೆ. ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಇಳಿಯುತ್ತದೆ. ವಯಸ್ಸು, ಚಿಂತೆ. ಅವಳ ತೂಕ ನಾಲ್ಕು ಕೆ.ಜಿ. ಇಳಿದಿದೆ. ಇನ್ನೂ ಇಳಿದರೆ ಮೂಗಿನಲ್ಲಿ ನಳಿಗೆ ಹಾಕುತ್ತೇವೆ ಎಂದಿದ್ದಾರೆ. ಕೊಟ್ಟ ರಾಗಿ ಗಂಜಿ ದಾರಿಯಲ್ಲೇ ಹೋಗುತ್ತಿದೆ.

ಫೆಬ್ರುವರಿ 20, ಗುರುವಾರ

ಒಳ್ಳೆಯ ದಿನ. ಹಿಂದಿನ ಬೀದಿಯ ತಿಮ್ಮಯ್ಯ ಮಗಳ ಕಾಲೇಜಿನ ಕೆಲಸಕ್ಕೆ ಮೈಸೂರಿಗೆ ಹೊರಟಿದ್ದ. "ಇಬ್ರೂ ನನ್ ಗಾಡೀಲೇ ಬನ್ನಿ ಕಾಂತಣ್ಣ. ದಿನಾ ಓಡ್ಸಿ ಓಡ್ಸಿ ನಿಮ್ ಮಖ ಬಿಳುಚ್ಕಂಡದೆ" ಎಂದ. ಹೋದೆವು. ಅವನ ಗಾಡಿಯ ಗಾಜೂ ಏರಿಸಿಯೇ ಇತ್ತು. ಸಾಕಮ್ಮ ಹೋಗುವಾಗ ನಿದ್ದೆ ಮಾಡಿದಳು. ಬರುವಾಗ ತಿಮ್ಮಯ್ಯನ ಹೊಗೆಸೊಪ್ಪಿನ ಹರಾಜಿನ ಕಥೆ ಕೇಳಿ ನಕ್ಕಳು ಕೂಡ. ವಾಂತಿ ಇಲ್ಲ. ಮನೆಗೆ ಬಂದು ಅರ್ಧ ಲೋಟ ಗಂಜಿ.

ಡಾಕ್ಟರು ಮೊನ್ನೆ ಬದಲಿಸಿದ ಮಾತ್ರೆ ಹಿಡಿಯಿತು ಅನ್ನಿಸುತ್ತದೆ. ನನಗೂ ಇವತ್ತು ತಲೆ ಹಗುರ. ಗಾಡಿ ಓಡಿಸದೆ ಕೂತದ್ದಕ್ಕೆ.

ಫೆಬ್ರುವರಿ 21, ಶುಕ್ರವಾರ

ನಮ್ಮ ಗಾಡಿ. ಎರಡು ಸಲ ವಾಂತಿ. ಹಿಂದಿರುಗುವಾಗ ಮೂರನೆಯದು. ಮಾತ್ರೆ ಕೆಲಸ ಮಾಡಲಿಲ್ಲ.

ಮನೆ ಮುಂದೆ ಇಳಿದವಳು ಬಾಗಿಲು ಹಿಡಿದು ನಿಂತೇ ಹೇಳಿದಳು. "ಹದ್ನೈದಾಯ್ತು. ಸಾಕು. ಸ್ವಾಮಾರದಿಂದ ನಾನ್ ಬರಾಕಿಲ್ಲ."

ಫೆಬ್ರುವರಿ 23, ಭಾನುವಾರ

ಎರಡು ದಿನದಿಂದ ಹೇಳಿ ಹೇಳಿ ಸೋತೆ. ಅಕ್ಕನ ಕೈಲೂ ಫೋನಿನಲ್ಲಿ ಹೇಳಿಸಿದೆ. ಸಾಕಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತು ಎಲ್ಲಕ್ಕೂ ತಲೆಯಾಡಿಸಿದಳು, ಒಪ್ಪಲಿಲ್ಲ. ಮಧ್ಯಾಹ್ನ ಪಕ್ಕದಲ್ಲಿ ಕೂತು, ನೋವಿಗೆ ಹೆದರಿದ್ದೀಯಾ ಎಂದು ಕೇಳಿದೆ.

"ನೋವ್ಗಲ್ಲ. ತಲೆ ಕೆಡ್ತಾ ಅದೆ ಅಂತ ಭಯ ಕಣ್ರೀ. ಇಲ್ದಿರೋ ವಾಸ್ನೆ ಬತ್ತದೆ ನಂಗೆ. ಕಾರ್ ಬಾಗ್ಲಾಕಿದ್ ತಕ್ಷಣ ಒಗೆ, ಪೆಟ್ರೋಲು, ಏನೋ ಸುಟ್ಟಂಗೆ. ನಿಮ್ಮಂಥೋರ್ಗೇ ಬತ್ತಿಲ್ಲ ಅಂದ್ರೆ ಅದು ನನ್ ತಲೇಲೇ ಐತೆ. ಕರೆಂಟು ಮಿದುಳ್ಗೇ ಒಡೀತಾ ಅದೆ. ಗಂಟ್ಲು ಉಳಿಸ್ಕಂಡು ಉಚ್ಚಿಯಾಗಿ ಕೂರ್ಲಾ? ಅದ್ರ ಬದ್ಲು ಇಂಗೇ ಓಗ್ಬುಡ್ತೀನಿ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಬಂದ ಮಾತು, "ನಾಳೆ ಒಂದಿನ ಬಾ, ಡಾಕ್ಟ್ರನ್ನೇ ಕೇಳಾನ" ಎಂದು.

ಒಂದು ದಿನಕ್ಕೆ ಒಪ್ಪಿದ್ದಾಳೆ. ನಾಳೆಗೇ ಎಮಿಷನ್ ಕಾಗದದ ವಾಯಿದೆ ಮುಗಿಯುತ್ತದೆ, ದಾರಿಯಲ್ಲಿ ಹಿಡಿದರೆ ಅರ್ಧ ಗಂಟೆ ಹೋಗುತ್ತದೆ. ಹುಣಸೂರಿನಲ್ಲಿ ಐದು ನಿಮಿಷ ನಿಲ್ಲಿಸಿ ಅನುಶ್ರೀ ಕೈಲಿ ಬರೆಸಿಕೊಳ್ಳಬೇಕು.

ಫೆಬ್ರುವರಿ 24, ಸೋಮವಾರ

ಕರೆಂಟು ತಪ್ಪಿತು.

ಅವಳು ಒಳಗೆ ಮಲಗಿದ್ದಾಳೆ. ಮಾತಿಲ್ಲ. ನಾನೂ ಬರೆಯಲಾರೆ.

ಫೆಬ್ರುವರಿ 25, ಮಂಗಳವಾರ

ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಹುಣಸೂರಿನ ಬೈಪಾಸಿನಲ್ಲಿ ಅನುಶ್ರೀಯ ವ್ಯಾನಿನ ಪಕ್ಕ ಗಾಡಿ ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ. ಅವಳು ನಗುತ್ತಾ ಬಂದು, ದೊಡ್ಡವ್ವನನ್ನು ಮಾತಾಡಿಸಲು ಹಿಂದಿನ ಬಾಗಿಲು ತೆಗೆದವಳು ಬೆಂಕಿಯ ಜಳ ಬಡಿದವಳಂತೆ ಹಿಂದಕ್ಕೆ ಜಿಗಿದಳು.

"ಗಾಡಿ ಆಫ್ ಮಾಡಿ ದೊಡ್ಡಪ್ಪ."

"ಟೆಸ್ಟ್‌ಗೆ ಓಡ್ತಾ ಇರ್ಬೇಕಲ್ವಾ ಮಗಾ?"

"ಮೊದ್ಲು ಆಫ್ ಮಾಡಿ! ದೊಡ್ಡವ್ವ, ಇಳೀರಿ. ಈ ಕಡೆ ಗಾಳೀಗ್ ಬನ್ನಿ."

ಸಾಕಮ್ಮನನ್ನು ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದಳು. ಹೊತ್ತಾಗುತ್ತದೆ, ಕಡ್ಡಿಯನ್ನು ಬೇರೆ ಗಾಡಿಗೆ ಹಾಕಿ ನಮಗೊಂದು ಕಾಗದ ಕೊಟ್ಟುಬಿಡು ಅಂದೆ. ಹಾಗೆ ಕೊಡುವವರಿದ್ದಾರೆ.

"ನಿಮ್ಗೆ ಕಾಗ್ದ ಕೊಡ್ಬೋದು. ದೊಡ್ಡವ್ವಂಗೆ ಯಾವ್ ಕಾಗ್ದ ಕೊಡ್ಲಿ?"

ಬಾಗಿಲು ನಾಲ್ಕೂ ತೆರೆದಿಟ್ಟು, ಗಾಡಿ ಚಾಲೂ ಮಾಡಿ ಸೈಲೆನ್ಸರಿಗೆ ಕಡ್ಡಿ ತೂರಿಸಿದಳು. ಪರದೆಯ ಮೇಲೆ ಅಂಕಿ ಏರಿತು. ಕಾರ್ಬನ್ ಮೊನಾಕ್ಸೈಡ್ ಅಂತೆ. ನೂರಕ್ಕೆ ಪಾಯಿಂಟ್ ಮೂರು ದಾಟಬಾರದು, ನಮ್ಮದು ಪೂರಾ ನಾಲ್ಕರ ಹತ್ತಿರ. ಆಮೇಲೆ ನೆಲಕ್ಕೆ ಮಲಗಿ ಟಾರ್ಚು ಬಿಟ್ಟಳು. ನಾನು ಬಿಗಿದಿದ್ದ ಸೆನ್ಸರಿನ ಬುಡದಿಂದ ಹೊಗೆ ಪುಸುಪುಸು ನುಗ್ಗುತ್ತಿತ್ತು. ನೇರ ಮೇಲೆ, ಗಾಡಿಯ ನೆಲದಲ್ಲಿ ಒಂದು ರಬ್ಬರ್ ಬಿರಡೆ ಬಿದ್ದುಹೋಗಿ ಹೆಬ್ಬೆರಳಿನಷ್ಟು ತೂತು. ಅದರ ಸುತ್ತ ಮಸಿ.

"ಗಾಜ್ ಏರ್ಸ್ಕಂಡು ಎಷ್ಟ್ ದಿನದಿಂದ ಓಡಾಡ್ತಿದೀರಿ?"

"ಎರಡ್ ವಾರ."

"ಈ ಗ್ಯಾಸಲ್ಲಿ ತಲೆನೋವು, ವಾಂತಿ ಬತ್ತದೆ. ಇನ್ನೂ ಜಾಸ್ತಿಯಾದ್ರೆ ನಿದ್ದೆ ಬತ್ತದೆ ದೊಡ್ಡಪ್ಪ, ಏಳಾಕಿಲ್ಲ. ಅದ್ಕೆ ಅದರದ್ದೇ ವಾಸ್ನೆ ಇಲ್ಲ. ಆದ್ರೆ ಇಲ್ಲಿ ಹಸೀ ಪೆಟ್ರೋಲು, ಒಗೆ, ಗಮ್ ಸುಟ್ಟಿದ್ದು ಎಲ್ಲಾ ಅದೆ. ಬಾಗ್ಲು ತೆಗ್ದಿದ್ ತಕ್ಷಣ ನಂಗೇ ಬಡೀತು. ನಿಮ್ಗೆ, ಮೂಗಿನ ಕಾಂತಣ್ಣಂಗೆ, ಗೊತ್ತಾಗ್ಲಿಲ್ವಾ?"

ಕುರ್ಚಿಯಿಂದ ಸಾಕಮ್ಮನ ದನಿ ಬಂತು. "ನಂಗೆ ಗೊತ್ತಾಯ್ತು ಕಣವ್ವ. ಕೇಳ್ದೆ. ಇಲ್ಲ ಅಂದ್ರು."

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ರಸ್ತೆಯಲ್ಲಿ ಹೊಗೆಸೊಪ್ಪಿನ ಬೇಲು ತುಂಬಿದ ಟ್ರಾಕ್ಟರು ಹೋಯಿತು. ಆಮೇಲೆ ಹೇಳಿದೆ. "ನಂಗೆ ವಾಸ್ನೆ ಬರಲ್ಲ. ಕೊರೋನಾ ಬಂದಾಗ್ಲಿಂದ. ಯಾವ್ ವಾಸ್ನೆನೂ."

"ಉಪ್ಪಿಟ್ಟು ಸೀದೋದಾಗ್ಲೂ ಸುಮ್ಕೆ ತಿಂತಿದ್ರಿ" ಎಂದಳು ಸಾಕಮ್ಮ. "ವಯಸ್ಸಾಯ್ತಾ ಒಳ್ಳೆ ಮನ್ಸ ಆದ್ರು ಅನ್ಕಂಡಿದ್ದೆ."

ಅನುಶ್ರೀಗೆ ನಗು ಬಂತೋ ಅಳು ಬಂತೋ, ಮುಖ ತಿರುಗಿಸಿದಳು. ಸಾಕಮ್ಮನ ಮುಖದಲ್ಲಿ ಎರಡೂ ಇರಲಿಲ್ಲ.

"ನಿಮ್ ಮೂಗ್ ಓಗಿದ್ದಕ್ಕಲ್ಲ ಸಿಟ್ಟು. ಇದ್ದ ನನ್ ಮೂಗ್ನೂ ಸುಳ್ ಮಾಡುದ್ರಲ್ಲ. ನಂಗೇ ಉಚ್ಚು ಅಂತ ನಾನೇ ತೀರ್ಮಾನ ಮಾಡ್ಕಂಡು, ಸಾಯಕ್ ಒಪ್ಕಂಡು ಕೂತಿದ್ದೆ ಕಣ್ರೀ. ನಿನ್ನೆ ಜಗ್ಲಿ ಮೇಲೆ ಅದ್ನೇ ಏಳ್ದೆ. ಆಗ್ಲೂ ಸುಮ್ಕಿದ್ರಿ."

ಆ ಹೊತ್ತಿಗೆ ಹನ್ನೊಂದು ದಾಟಿತ್ತು. ಬೇರೆ ಗಾಡಿ ಮಾಡಿ ಹೋಗಿ ಡಾಕ್ಟರನ್ನು ಕೇಳಿಕೊಳ್ಳೋಣ ಎಂದು ಅನುಶ್ರೀ ಎಷ್ಟೋ ಹೇಳಿದಳು. ಸಾಕಮ್ಮ ಏಳಲಿಲ್ಲ. ಕೊನೆಗೆ ಅನುಶ್ರೀಯ ಕೈ ಹಿಡಿದು ಬಸ್ಸಿನಲ್ಲಿ ಊರಿಗೆ ಬಂದಳು. ನಾನು ಹಿಂದೆ, ಗಾಜೆಲ್ಲ ಇಳಿಸಿಕೊಂಡು, ಒಬ್ಬನೇ.

ಇವತ್ತು ಬೆಳಿಗ್ಗೆ ತಿಮ್ಮಯ್ಯನ ಗಾಡಿಯಲ್ಲಿ ಅನುಶ್ರೀಯ ಜೊತೆ ಮೈಸೂರಿಗೆ ಹೋದಳು. "ಬತ್ತೀನಿ ಅಂತ ಒಪ್ಕಂಡಿರೋದು ಈ ಮಗಿಗೋಸ್ಕರ" ಎಂದು ಬಾಗಿಲಲ್ಲಿ ನಿಂತಿದ್ದ ನನಗೆ ಕೇಳುವಂತೆ ಹೇಳಿದಳು. ನನ್ನನ್ನು ಕರೆಯಲಿಲ್ಲ. ಹದಿನಾರನೇ ಕರೆಂಟು ಆಯಿತು. ವಾಂತಿ ಇಲ್ಲ. ನಿನ್ನೆ ತಪ್ಪಿದ್ದನ್ನು ಕೊನೆಗೆ ಸೇರಿಸುತ್ತಾರಂತೆ. ಇನ್ನು ಒಂದೂ ತಪ್ಪಬಾರದು ಎಂದು ಡಾಕ್ಟರು ಗದರಿದರಂತೆ. ಗ್ಯಾಸಿನ ವಿಷಯವನ್ನೂ ಅನುಶ್ರೀ ಹೇಳಿದ್ದಾಳೆ. ರಕ್ತ ತೆಗೆದು ನೋಡಿದರಂತೆ, ಈಗ ಅಪಾಯವಿಲ್ಲ.

ತಿಮ್ಮಯ್ಯ ನಾಳಿದ್ದಿನಿಂದ ಸಿಗುವುದಿಲ್ಲ. ಮದುವೆಯಾದ ಹಿರಿ ಮಗಳ ಊರಿಗೆ ಹೋಗುತ್ತಾನೆ.

ಫೆಬ್ರುವರಿ 26, ಬುಧವಾರ

ಶಿವರಾತ್ರಿ. ಆಸ್ಪತ್ರೆಗೆ ರಜೆ. ನಾಳೆಯ ಬೆಳಿಗ್ಗೆಯೊಳಗೆ ಗಾಡಿ ಸರಿಯಾಗಬೇಕು, ಅದಕ್ಕಿಂತ ಹೆಚ್ಚಾಗಿ ಅವಳು ಅದರಲ್ಲಿ ಕೂರಲು ಒಪ್ಪಬೇಕು.

ಅನುಶ್ರೀ ನಿನ್ನೆಯೇ ಮೈಸೂರಿನಿಂದ ಹೊಸ ಸೆನ್ಸರ್ ತಂದಿದ್ದಳು. ಬೆಳಿಗ್ಗೆ ಎಂಟಕ್ಕೆಲ್ಲ ಷೆಡ್ಡಿಗೆ ಬಂದಳು. ಮೊದಲು ಕಂಡದ್ದು ಮೀಟರಿನ ಮೇಲಿನ ಟೇಪು. ಉಗುರಿನಲ್ಲಿ ಕಿತ್ತು ನನ್ನ ಅಂಗೈಗೆ ಅಂಟಿಸಿದಳು. ಹಳೆಯ ಸೆನ್ಸರ್ ಬಿಚ್ಚಿ ಕೊಟ್ಟೆ.

"ಇದನ್ನ ವೈರ್ ಬ್ರಷ್ಷಲ್ಲಿ ಉಜ್ಜುದ್ರಾ?"

"ಪ್ಲಗ್ ಅಲ್ವಾ ಮಗಾ, ಮಸಿ ಇತ್ತು..."

"ಪ್ಲಗ್ ಕಿಡಿ ಹೊಡೀತದೆ ದೊಡ್ಡಪ್ಪ. ಇದು ಬರೀ ಮೂಸ್ತದೆ. ಒಳಗಡೆ ಪಿಂಗಾಣಿ ಥರದ್ದು ಕೂತದೆ, ಉಜ್ಜೋ ಸಾಮಾನಲ್ಲ."

ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅದು ನೋಡುತ್ತದಂತೆ. ಉಳಿದಿದ್ದರೆ ಪೆಟ್ರೋಲು ಸಾಲದು, ಉಳಿಯದಿದ್ದರೆ ಜಾಸ್ತಿಯಾಯಿತು ಎಂದು ಗಾಡಿಯೊಳಗಿನ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರು ಕೈ ಬಿಗಿ ಹಿಡಿಯುವುದು, ಸಡಿಲ ಬಿಡುವುದು ಇದರ ಮಾತಿನ ಮೇಲೆ. ನಾನು ವಾಷರ್ ಸರಿಯಿಲ್ಲದೆ ಬಿಗಿದಿದ್ದರಿಂದ ಸಂದಿನಲ್ಲಿ ಹೊಗೆ ಹೊರಬಂದಂತೆ, ಎಂಜಿನ್ನಿನ ಬಡಿತದ ನಡುನಡುವೆ ಹೊರಗಿನ ಗಾಳಿಯೂ ಒಳನುಗ್ಗುತ್ತಿತ್ತು. ಗಾಳಿ ಕಂಡ ಸೆನ್ಸರ್ "ಪೆಟ್ರೋಲು ಸಾಲದು" ಎಂದಿತು. ಕಂಪ್ಯೂಟರು ಸುರಿಯಿತು. ಮೇಲಿನಿಂದ ಸಿಲಿಕಾನ್ ಗಮ್ಮಿನ ಆವಿ ಸೆನ್ಸರನ್ನೇ ಕೊಂದಿತ್ತು. ಬಂಕಿನ ಹುಡುಗರದ್ದೇನೂ ತಪ್ಪಿರಲಿಲ್ಲ.

ಎರಡು ಸಲ ಕೇಳಿ ತಿಳಿದುಕೊಂಡೆ. ಮೂರನೇ ಸಲ ಕೇಳಲು ಸಂಕೋಚವಾಯಿತು, ಆದರೂ ಕೇಳಿದೆ. ಸೆನ್ಸರಿನ ಜೊತೆಗೆ ಬಂದ ವಾಷರನ್ನೇ ಹಾಕಿದೆವು. ಗಮ್ ಇಲ್ಲ. ನೆಲದ ತೂತಿಗೆ ಹೊಸ ರಬ್ಬರ್ ಬಿರಡೆ. ಸ್ಕ್ಯಾನರ್ ಜೋಡಿಸಿದಳು. ಎಂಜಿನ್ ಬಿಸಿಯಾದ ಮೇಲೆ ಪರದೆಯಲ್ಲಿ ಗೆರೆ ಮೇಲೆ ಕೆಳಗೆ, ಮೇಲೆ ಕೆಳಗೆ ಕುಣಿಯಿತು. ಕುಣಿಯುತ್ತಿದ್ದರೆ ಜೀವ ಇದೆ, ಚಪ್ಪಟೆ ಮಲಗಿದರೆ ಸತ್ತಂತೆ. ಕಡ್ಡಿ ಹಾಕಿದರೆ ಪಾಯಿಂಟ್ ಒಂದು ಐದು.

"ಪಾಸು" ಎಂದಳು ಅನುಶ್ರೀ.

"ಯಾರ್ ಪಾಸ್ ಮಾಡುದ್ರು?" ಸಾಕಮ್ಮ ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಷೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ನೇರ ಹೋಗಿ ಹಿಂದಿನ ಸೀಟಿನಲ್ಲಿ ಕೂತಳು. "ಗಾಜ್ ಏರ್ಸಿ" ಎಂದಳು. ಏರಿಸಿ, ಬಾಗಿಲು ಹಾಕಿ, ಎಂಜಿನ್ ಓಡಲು ಬಿಟ್ಟು ನಾವಿಬ್ಬರೂ ಹೊರಗೆ ನಿಂತೆವು. ಅನುಶ್ರೀ ಬಾಗಿಲಿನ ಹಿಡಿಯ ಮೇಲಿಂದ ಕೈ ತೆಗೆಯಲಿಲ್ಲ. ನಾನು ಗಾಜಿನಾಚೆ ಅವಳ ಮುಖವನ್ನೇ ನೋಡುತ್ತಿದ್ದೆ. ಐದು ನಿಮಿಷ. ಜೀವಮಾನದಲ್ಲಿ ಯಾವ ಎಂಜಿನ್ನಿನ ಮುಂದೆಯೂ ಹೀಗೆ ಉಸಿರು ಹಿಡಿದು ನಿಂತಿರಲಿಲ್ಲ.

ಅವಳು ಗಾಜು ಇಳಿಸಿ, ಅನುಶ್ರೀಯ ಕಡೆ ನೋಡಿ, "ರೆಕ್ಸಿನ್ ವಾಸ್ನೆ ಅದೆ. ಸೀಟಿಂದು" ಎಂದಳು.

ಫೆಬ್ರುವರಿ 27, ಗುರುವಾರ

ಹದಿನೇಳನೇ ಕರೆಂಟು. ನಮ್ಮ ಗಾಡಿ. ಮುಂದಿನ ಸೀಟಿನಲ್ಲಿ ಕೂತಳು. ಗಾಜು ಎರಡು ಬೆರಳು ಇಳಿಸಿದ್ದಳು, ಕತ್ತಿಗೆ ಬಟ್ಟೆ. ವಾಂತಿ ಇಲ್ಲ. ಮಾತೂ ಇಲ್ಲ, ಹೋಗುವಾಗಲೂ ಬರುವಾಗಲೂ.

ಮಾರ್ಚ್ 8, ಶನಿವಾರ

ಬರೆಯಲು ಹೊತ್ತು ಸಿಕ್ಕಿರಲಿಲ್ಲ. ಇಪ್ಪತ್ತಮೂರು ಮುಗಿದಿದೆ. ಗಂಟಲ ಒಳಗೆಲ್ಲ ಹುಣ್ಣು, ನೀರು ಇಳಿಯುವುದೂ ಕಷ್ಟ. ಆದರೆ ಇಳಿದದ್ದು ಉಳಿಯುತ್ತಿದೆ. ತೂಕ ನಿಂತಿದೆ. ನಳಿಗೆಯ ಮಾತು ಬಿಟ್ಟಿದ್ದಾರೆ.

ಹಂಪಾಪುರದಿಂದ ಸಿದ್ದಮಲ್ಲಪ್ಪನವರು ವ್ಯಾನ್ ತಂದಿದ್ದರು. "ಮೂಸಿ ಹೇಳಿ ಕಾಂತಣ್ಣ, ಏನಾಗದೆ" ಎಂದರು. ನಂಗೆ ವಾಸನೆ ಬರಲ್ಲ, ಇವಳು ನೋಡ್ತಾಳೆ ಎಂದು ಸಾಕಮ್ಮನನ್ನು ಕರೆದೆ. ಅವಳು ದೂರದಿಂದಲೇ ಮೂಗಿಗೆ ಸೆರಗು ಹಿಡಿದು "ಆಯ್ಲು" ಎಂದಳು. ಸಿದ್ದಮಲ್ಲಪ್ಪನವರು ಇಬ್ಬರ ಮುಖವನ್ನೂ ನೋಡಿದರು. ಬಿಚ್ಚಿದರೆ ಆಯಿಲೇ ಸುಡುತ್ತಿತ್ತು. ಪಿಸ್ಟನ್ ರಿಂಗು ಬದಲಿಸಬೇಕು.

ಅನುಶ್ರೀಗೆ ಫೋನ್ ಮಾಡಿ, ಡೀಸೆಲ್ ಗಾಡಿಗಳಲ್ಲೂ ಈ ಸೆನ್ಸರ್ ಇರುತ್ತದೆಯೇ ಎಂದು ಕೇಳಿದೆ. ಅರ್ಧ ಗಂಟೆ ಹೇಳಿದಳು. ಎರಡು ಪುಟ ಬರೆದುಕೊಂಡಿದ್ದೇನೆ.

ಮಾರ್ಚ್ 18, ಮಂಗಳವಾರ

ಮೂವತ್ತನೆಯದು. ಕೊನೆಯದು.

ಹುಣಸೂರು ದಾಟಿ ಬಿಳಿಕೆರೆಗೆ ಇನ್ನೂ ಸ್ವಲ್ಪ ದೂರವಿರುವಾಗ ಸಾಕಮ್ಮ "ವಾಸ್ನೆ" ಎಂದಳು. ಹೊತ್ತು ಮೀರುತ್ತಿತ್ತು, ಹತ್ತೂವರೆಯೊಳಗೆ ಆಸ್ಪತ್ರೆಯಲ್ಲಿ ಚೀಟಿ ಕೊಡಬೇಕಿತ್ತು. ನನಗೇನೂ ಗೊತ್ತಾಗಲಿಲ್ಲ. ರಸ್ತೆಯ ಪಕ್ಕಕ್ಕೆ ಎಳೆದು, ಎಂಜಿನ್ ಆರಿಸಿ, ನಾಲ್ಕೂ ಬಾಗಿಲು ತೆಗೆದೆ. ಟಾರ್ಚು ಹಿಡಿದು ಕೆಳಗೆ ಮಲಗಿ ಸೆನ್ಸರಿನ ಬುಡ, ಪೈಪಿನ ಜಾಯಿಂಟು, ರಬ್ಬರ್ ಬಿರಡೆ ಎಲ್ಲ ನೋಡಿದೆ. ಒಣಗಿದ್ದವು. ಮಸಿ ಇಲ್ಲ. ಅಂಗಿಯ ಬೆನ್ನಿನ ಧೂಳು ಕೊಡವುತ್ತಾ ಎದ್ದರೆ, ಅವಳು ರಸ್ತೆಯ ಅಂಚಿನಲ್ಲಿ ನಿಂತು ಮುಂದಕ್ಕೆ ಕೈ ತೋರಿಸುತ್ತಿದ್ದಳು. ಜಲ್ಲಿ ಲಾರಿಯೊಂದು ಕರಿ ಹೊಗೆ ಬಿಡುತ್ತಾ ಏರು ಹತ್ತುತ್ತಿತ್ತು.

"ಅದುರ್ದು ಕಣ್ರೀ. ನಮ್ದಲ್ಲ."

"ಸರ್ಯಾಗ್ ನೋಡ್ದ್ಯಾ?"

"ನೋಡ್ದೆ. ನಮ್ದಲ್ಲ."

ಲಾರಿ ಏರಿನಾಚೆ ಮರೆಯಾಗುವ ತನಕ ಇಬ್ಬರೂ ನಿಂತಿದ್ದೆವು. ಹೊಗೆ ಗದ್ದೆಯ ಮೇಲೆ ಸರಿದು ತೆಳುವಾಯಿತು. ಅವಳು ಮೂಗೆತ್ತಿ ಒಂದು ಸಲ ಎಳೆದುಕೊಂಡಳು, ಇನ್ನೊಂದು ಸಲ ಎಳೆದುಕೊಂಡಳು. ನಾನು ಕೀಲಿ ಹಿಡಿದು ಕಾದೆ.

"ಊಂ. ಈಗ ಒರಡಿ" ಎಂದಳು.

ಹೊರಟೆ.